ಕುಡಿದು ತೋರಿಸು

“ಕುಡಿಯೋ ಬೋಳಿಮಗನೆ! ನೀನೇ ತೊಳೆದ ಟ್ಯಾಂಕು, ನೀನೇ ಕುಡಿದು ತೋರಿಸು!”

ವಾರ್ಡಿನ ಮೆಂಬರು ಚೊಂಬನ್ನು ನನ್ನ ಗಂಡನ ಬಾಯಿಗೆ ಒತ್ತಿದ. ತುಟಿ ಆಗಲೇ ಒಡೆದಿತ್ತು. ನನ್ನವನು ಹಲ್ಲು ಕಚ್ಚಿ ಮುಖ ತಿರುಗಿಸಿದ. ನೀರು ಗಡ್ಡದ ಮೇಲೆ ಹರಿದು ಅಂಗಿ ನೆನೆಯಿತು. ಹಿಂದಿನಿಂದ ಇಬ್ಬರು ಅವನ ಕೈ ತಿರುಚಿ ಹಿಡಿದಿದ್ದರು.

ಟ್ಯಾಂಕು ತೊಳೆಯುವುದು ನಮ್ಮಿಬ್ಬರ ಕೆಲಸ. ಅವನು ಒಳಗಿಳಿದು ಕೆಸರು ಬಾಚುತ್ತಾನೆ, ನಾನು ಮೇಲೆ ನಿಂತು ಹಗ್ಗದಲ್ಲಿ ಬಕೆಟ್ ಎಳೆಯುತ್ತೇನೆ. ಮೊನ್ನೆ ತೊಳೆದೆವು. ನಿನ್ನೆಯಿಂದ ಊರಲ್ಲೆಲ್ಲ ವಾಂತಿಭೇದಿ. ಕುಡಿಯುವ ನೀರಿನ ಪೈಪು ಮೋರಿಯೊಳಗೇ ಹಾದು ಬರುತ್ತದೆ, ಅಲ್ಲಿ ಒಡೆದು ವರ್ಷವಾಯಿತು, ಇದು ಯಾರಿಗೆ ಗೊತ್ತಿಲ್ಲ? ಆದರೆ ಎಲೆಕ್ಷನ್ ಹತ್ತಿರ ಬಂದಿದೆ. ಮೋರಿಯನ್ನು ಬೈದರೆ ವೋಟು ಬರುತ್ತದೆಯೇ? ಬೆಳಗ್ಗೆಯಿಂದ ಮೈಕಿನ ಗಾಡಿ ಕೂಗಿಕೊಂಡು ಓಡಾಡುತ್ತಿತ್ತು: “ನೀರಿಗೆ ವಿಷ ಹಾಕಿದೋರು ಯಾರು ಅಂತ ನಿಮಗೇ ಗೊತ್ತು!” ನಮ್ಮ ಓಣಿಯ ಮಕ್ಕಳೂ ಕಕ್ಕುತ್ತ ಮಲಗಿದ್ದವು. ಅವು ಲೆಕ್ಕಕ್ಕಿಲ್ಲ.

“ಸ್ವಾಮಿ, ಕುಡಿಯಲ್ಲ ಅಂದಿಲ್ಲ ನಾನು,” ಎಂದ ನನ್ನವನು. “ರೋಜಾ ಇದೀನಿ. ಹೊತ್ತು ಮುಳುಗ್ಲಿ, ಇದೇ ಚೊಂಬು ನಿಮ್ಮೆದುರಿಗೇ ಎತ್ತಿ ಕುಡೀತೀನಿ.”

“ಕೇಳಿದ್ರೇನ್ರೋ? ಊರು ಸಾಯ್ತಾ ಇದೆ, ಸಾಬಿಗೆ ಉಪವಾಸದ ಚಿಂತೆ! ಕುಡಿಯಲ್ಲ ಅಂದ್ರೆ ಏನರ್ಥ?”

“ವಿಷ ಅಂತರ್ಥ!” ಎಂದರು ಹಿಂದಿನವರು.

ಇದೇ ಬೀದಿ ನಲ್ಲಿಯಲ್ಲಿ ದಿನಾ ನನಗೆ ಜಾಗ ಬಿಟ್ಟುಕೊಡುತ್ತಿದ್ದ ಹಾಲಿನವಳೂ ಗುಂಪಿನಲ್ಲಿದ್ದಳು. “ಅಕ್ಕ, ನೀನಾದ್ರೂ ಹೇಳಕ್ಕ,” ಎಂದೆ. ಅವಳು ನನ್ನ ಕೈಗಳನ್ನೇ ನೋಡುತ್ತಿದ್ದಳು, ಉಗುರಿನ ಸಂದಿಯಲ್ಲಿ ಏನಾದರೂ ಉಳಿದಿದೆಯೋ ಅನ್ನುವ ಹಾಗೆ.

ಮಾವ ಜನರ ಮಧ್ಯೆ ತೂರಿಕೊಂಡು ಬಂದರು. “ಕುಡಿದುಬಿಡೋ ಮಗನೆ. ಜೀವಕ್ಕೆ ಬಂದಾಗ ರೋಜಾ ಮುರಿದ್ರೆ ದೇವರು ಕ್ಷಮಿಸ್ತಾನೆ.”

“ದೇವರು ಕ್ಷಮಿಸ್ತಾನಪ್ಪ. ಇವರು ನಾಳೆ ಇನ್ನೊಂದು ಕೇಳ್ತಾರೆ.”

ಕಪಾಳಕ್ಕೆ ಬಿತ್ತು. ಒಬ್ಬ ಕಬ್ಬಿಣದ ಸಲಾಕೆ ಎತ್ತಿಕೊಂಡ. ನನ್ನ ಗಂಡ ನನಗೆ ಗೊತ್ತು; ಹಟ ಹಿಡಿದರೆ ಹೆಣವಾದರೂ ಬಾಯಿ ಬಿಡುವವನಲ್ಲ. ಹಾಳಾಗಿ ಹೋಗಲಿ ಇವನ ಹಟ ಎಂದು ಬೈದುಕೊಂಡೆ. ಅದೇ ಹಟಕ್ಕೆ ಕಣ್ಣಲ್ಲಿ ನೀರೂ ಬಂತು.

ನನಗೆ ಮುಟ್ಟಾಗಿ ಎರಡು ದಿನ. ಆ ದಿನಗಳಲ್ಲಿ ನಮಗೆ ಉಪವಾಸವಿಲ್ಲ. ಆದರೆ ಹಾಗಂತ ಗಂಡಸರಿಗೆ ಗೊತ್ತಾಗಬಾರದು. ನಸುಕಿನಲ್ಲಿ ಎಲ್ಲರ ಜೊತೆ ಎದ್ದು ಉಣ್ಣಬೇಕು, ಮಧ್ಯಾಹ್ನ ಅಡುಗೆಮನೆ ಬಾಗಿಲ ಹಿಂದೆ ಗಬಗಬ ನುಂಗಬೇಕು, ಮಾವನೆದುರು ಬಾಯಿ ಒಣಗಿದವಳ ಹಾಗೆ ಓಡಾಡಬೇಕು. ನಮ್ಮಮ್ಮನೂ ಹೀಗೇ ಮಾಡಿದಳು, ಅವಳಮ್ಮನೂ ಹೀಗೇ.

“ಕೊಡಿ ಇಲ್ಲಿ ಚೊಂಬು,” ಎಂದೆ. “ಬಕೆಟ್ ಎಳೆದೋಳು ನಾನು. ನಾನು ಕುಡೀತೀನಿ.”

“ನೀನೇನು, ಉಪವಾಸ ಇಲ್ವಾ?” ಎಂದ ಮೆಂಬರು.

“ಇಲ್ಲ. ಮುಟ್ಟಾಗಿದೀನಿ.”

ಮಾವ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಮೈಯೆಲ್ಲ ಬೆಂಕಿ ಹತ್ತಿತು ನನಗೆ. ಆದರೂ ಕಸಿದುಕೊಂಡು ಗಟಗಟ ಎತ್ತಿದೆ. ಮೋರಿಯ ವಾಸನೆ ಗಂಟಲಲ್ಲೇ ಕೂತಿತು. ತಳದ ಹನಿಯವರೆಗೂ ಕುಡಿದು ಚೊಂಬು ಮಗುಚಿ ತೋರಿಸಿದೆ.

ಮುಗಿಯಿತು ಅಂದುಕೊಂಡಿದ್ದೆ. ಎಂಥ ಹುಚ್ಚಿ ನಾನು!

“ನೋಡಿದ್ರಾ!” ಮೆಂಬರು ಚಪ್ಪಾಳೆ ತಟ್ಟಿದ. “ಕದ್ದು ತಿಂದು ಉಪವಾಸದ ನಾಟಕ! ದೇವರಿಗೇ ಮೋಸ ಮಾಡೋ ಜಾತಿ, ನಮ್ಮನ್ನ ಬಿಡುತ್ತಾ?”

“ಮನೇಲೇ ವಿಷಕ್ಕೆ ಮದ್ದು ನುಂಗಿ ಬಂದಿದಾಳೆ,” ಎಂದಳು ಹಾಲಿನವಳು. ಬೇರೆ ಯಾರಾದರೂ ಅಂದಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ನಲ್ಲಿ ತಿರುಗಿಸಿ ಚೊಂಬು ಮತ್ತೆ ತುಂಬಿ ಮೆಂಬರಿನ ಮೂಗಿಗೇ ಹಿಡಿದೆ. “ನಾನು ಕುಡಿದೆ. ಈಗ ನೀವು.”

ಅವನು ಹೆಜ್ಜೆ ಹಿಂದಿಟ್ಟ. “ಥೂ! ಈ ಗಲೀಜು ನೀರನ್ನ ಮನುಷ್ಯರು ಕುಡೀತಾರೇನೆ ಮುಂಡೆ?”

ಎಲ್ಲರೂ ಕೇಳಿಸಿಕೊಂಡರು. ಕಂಬಕ್ಕೆ ಒರಗಿದ್ದ, ಊರಿನ ನೀರಿನ ಪೈಪು ನೋಡಿಕೊಳ್ಳಬೇಕಾದ ಇಂಜಿನಿಯರು ತನ್ನ ಬೂಟು ನೋಡಿಕೊಂಡ.

“ಬೆಳಗಿನ ತನಕ ನೋಡೋಣ,” ಮೆಂಬರು ತೀರ್ಪು ಕೊಟ್ಟ. “ಇವಳು ವಾಂತಿ ಮಾಡ್ಕೊಂಡ್ರೆ ವಿಷ ಅಂತಾಯ್ತು. ಆಮೇಲೆ ಆ ಓಣೀಲಿ ಒಂದು ಮನೆ ನಿಲ್ಲಬಾರದು.” ನನ್ನವನ ಕೈ ಬಿಟ್ಟರು.

ನಮ್ಮ ಮನೆಯೆದುರಿನ ಕಟ್ಟೆಯ ಮೇಲೆ ಸಲಾಕೆ ಹಿಡಿದವರು ಬಂದು ಕೂತರು. ಹೊತ್ತು ಮುಳುಗಿತು. ನನ್ನವನು ಲೋಟ ಎತ್ತಿದ, ಕುಡಿಯಲಾರದೆ ಕೆಳಗಿಟ್ಟ. ನನ್ನ ಹೊಟ್ಟೆಯಲ್ಲಿ ಆಗಲೇ ಹಗ್ಗ ಹೊಸೆದ ಹಾಗೆ ಹಿಂಡುತ್ತಿತ್ತು. ಬೆನ್ನೆಲ್ಲ ಬೆವರು.

“ಒಳಗೆ ಬಾರೆ. ಬಚ್ಚಲಿಗೆ ಹೋಗು, ಬಾಗಿಲು ಹಾಕ್ಕೊ,” ಎಂದ ಅವನು.

“ಬಾಗಿಲು ಹಾಕಿದ್ರೆ ಕಕ್ಕೋಕೆ ಹೋದಳು ಅಂತಾರೆ ಮಾರಾಯ. ದೀಪ ಹಾಕು.”

ಹೊಸ್ತಿಲ ಮೇಲೆ, ದೀಪದ ಕೆಳಗೆ, ಅವರಿಗೆ ಎದುರಾಗಿ ಕೂತೆ. ಓಣಿಯ ಬಾಗಿಲುಗಳೆಲ್ಲ ಒಂದೊಂದು ಬೆರಳು ತೆರೆದಿದ್ದವು. ಕಟ್ಟೆಯ ಮೇಲಿನವನೊಬ್ಬ ಟಾರ್ಚನ್ನು ನನ್ನ ಬಾಯಿಗೇ ಬಿಟ್ಟ. ಹೊಟ್ಟೆಯಿಂದ ಕಹಿ ನುಗ್ಗಿ ಬಂತು, ಕೆನ್ನೆಗಳಲ್ಲಿ ತುಂಬಿಕೊಂಡಿತು. ತುಟಿ ಬಿಗಿದು, ಅವನನ್ನೇ ದಿಟ್ಟಿಸುತ್ತ, ನುಂಗಿದೆ.