ವಾಚಿನ ಕೈ ಜೋರು

ಡೇರೆಯೊಳಗೆ ಅಮ್ಮನ ಗೊರಕೆಗೂ ಸೋದರತ್ತೆಯ ಗೊರಕೆಗೂ ನಡುವೆ ಮಲಗಿಕೊಂಡು ಗುಬ್ಬಚ್ಚಿ ಅಂದು ಬೆಳಗ್ಗೆ ತನಗೆ ತಾನೇ ಒಪ್ಪಿಕೊಂಡಳು: ಅತ್ತೆಯ ಅಂಗಡಿಯ ಕೆಲಸಕ್ಕೆ ತಾನು ಹೆದರಿಲ್ಲ, ಅದು ಬೇಕು ಎಂದು ಬಾಯಿಬಿಡುವುದಕ್ಕೆ ಹೆದರಿದ್ದೇನೆ. ಬೇಕು ಅಂದಮೇಲೆ 'ನಿನ್ನ ಕೈಲಾಗುತ್ತಾ' ಎಂದು ಯಾರಾದರೂ ನಕ್ಕುಬಿಟ್ಟರೆ? ಬಚ್ಚಿಟ್ಟ ಆಸೆಗೆ ಆ ಅಪಾಯವಿಲ್ಲ.

ಪದವಿ ಮುಗಿಸಿ ವರ್ಷ ಕಳೆದರೂ ಮನೆಯವರ ಬಾಯಲ್ಲಿ ಅವಳು ಗುಬ್ಬಚ್ಚಿಯೇ. ಹಾಗೆ ನೋಡಿದರೆ ನಿಜವಾದ ಗುಬ್ಬಚ್ಚಿ ಅವಳಿಗಿಂತ ಹೆಚ್ಚು ಸದ್ದು ಮಾಡುತ್ತದೆ. ಅತ್ತೆಯದು ಕನ್ನಡಕದ ಅಂಗಡಿ. ಹಿಂದೊಮ್ಮೆ ತನ್ನ ಕನ್ನಡಕಕ್ಕೆ ಕಾಯುತ್ತ ಅಲ್ಲಿ ಕೂತಿದ್ದಾಗ, ಮುದುಕರೊಬ್ಬರು ಹೊಸ ಕನ್ನಡಕ ಏರಿಸಿಕೊಂಡು ಬಾಗಿಲಿಗೆ ಹೋಗಿ, ರಸ್ತೆಯಾಚೆಯ ಮರವನ್ನು ನೋಡಿ, "ಎಲೆ ಒಂದೊಂದೂ ಬೇರೆ ಬೇರೆ ಕಾಣ್ತಿದೆಯಲ್ಲ" ಅಂದಿದ್ದರು. ಅಂಗಡಿ ಎಂದರೆ ಅವಳಿಗೆ ಅಂದಿನಿಂದ ಆ ಮುಖವೇ. ಈಗ ಅಲ್ಲಿ ಕೆಲಸಕ್ಕಿದ್ದವಳು ಬಿಟ್ಟುಹೋಗಿ ಜಾಗ ಖಾಲಿಯಾಗಿತ್ತು.

ಹೊರಗೆ ಸರೋವರದ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಅಪ್ಪ ಪುಟ್ಟ ಸ್ಟೌವಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಗಾಳಿಗೆ ಬೆನ್ನು ಕೊಟ್ಟು, ಮೊಟ್ಟೆ ಬೇಯಿಸುತ್ತಿದ್ದ. ಎಲ್ಲರ ಕೈಗೂ ಚಹಾ ಬಂದಮೇಲೆ ಅತ್ತೆ ವಿಷಯ ತೆಗೆದರು.

"ಗುಬ್ಬಚ್ಚೀನ ಅಂಗಡಿಗೆ ಕಳಿಸ್ತೀರಾ ಹೇಗೆ? ನಮ್ಮ ಮಹಡಿ ಮನೆ ಹುಡುಗಿ ಆ ಕೆಲಸ ಕೇಳ್ತಾನೇ ಇದ್ದಾಳೆ. ಇವತ್ತು ಹೇಳ್ತೀನಿ ಅಂದಿದ್ದೆ. ಇಲ್ಲಿ ಸಿಗ್ನಲ್ಲೇ ಇಲ್ಲ. ಆಚೆ ದಡದಲ್ಲಿ ಸಿಗುತ್ತಂತೆ, ಅಲ್ಲಿಂದಲೇ ಫೋನ್ ಮಾಡ್ಬೇಕು."

ಮಗಳು ಉತ್ತರಕ್ಕೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಅಮ್ಮ ಮುಗಿಸಿಯೇಬಿಟ್ಟಳು. "ಅಯ್ಯೋ ಅತ್ತಿಗೆ, ಗಿರಾಕಿಗಳ ಮುಂದೆ ಇವಳನ್ನ ನಿಲ್ಲಿಸ್ತೀರಾ? ಬಾಯಿಗೆ ಬೆರಳಿಟ್ಟರೂ ಕಚ್ಚಲ್ಲ. ಬಾಯಿದ್ದೋರು ಬರಗಾಲದಲ್ಲೂ ಬದುಕ್ತಾರೆ ಅಂತಾರೆ. ಇವಳು ಸುಗ್ಗೀಲೂ ಉಪವಾಸ. ನೀವು ಆ ಹುಡುಗಿಗೇ ಹೂಂ ಅಂದುಬಿಡಿ."

ಹಾಗೆನ್ನುತ್ತಲೇ ತನ್ನ ತಟ್ಟೆಯ ದೊಡ್ಡ ಮೊಟ್ಟೆಯನ್ನು ಮಗಳ ತಟ್ಟೆಗೆ ಜಾರಿಸಿದಳು. ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗದ ಹಾಗೆ ಅವಳ ಪ್ರೀತಿ ಯಾವಾಗಲೂ ಅಡ್ಡ ಬರುತ್ತಿತ್ತು.

"ಬ್ರೆಡ್ಡು ಹಾಕ್ಲಾ?" ಎಂದು ಅಪ್ಪ ಕೇಳಿದ.

"ಸಾಕಪ್ಪ." ಅಷ್ಟು ಹೊತ್ತು ಗಂಟಲಲ್ಲಿ ಕಾದಿದ್ದ ಮಾತು ಅದಲ್ಲ. ಹೊರಗೆ ಬಂದದ್ದು ಮಾತ್ರ ಅದೇ.

ಡೇರೆ ಕಾಯುವ ನೆಪದಲ್ಲಿ ಅಪ್ಪ ಮತ್ತೆ ಮಲಗಿದ. ಹೆಂಗಸರು ಮೂವರೂ ತಾವೇ ಹುಟ್ಟು ಹಾಕಿಕೊಂಡು ಆಚೆ ದಡಕ್ಕೆ ಹೋಗಲು ದೋಣಿಕಟ್ಟೆಗೆ ಹೋದರು. ದೋಣಿಯವನು ಲೈಫ್ ಜಾಕೆಟ್ಟಿನ ಪಟ್ಟಿ ಬಿಗಿಯುತ್ತ ಹೇಳಿದ: "ಹುಟ್ಟು ಹಾಕೋರು ಹಿಂದಕ್ಕೆ ಮುಖ ಮಾಡಿ ಕೂತಿರ್ತಾರೆ, ಮುಂದೇನಿದೆ ಕಾಣಲ್ಲ. ಎದುರು ಕೂತೋರು ನೋಡಿ ಹೇಳ್ತಿರಬೇಕು."

ದಿನಾ ಅಂಗಡಿಯ ಶಟರ್ ಎತ್ತಿ ಗಟ್ಟಿಯಾದ ತೋಳು ಅತ್ತೆಯದು. ಹುಟ್ಟು ಅವರ ಕೈಗೇ ಹೋಯಿತು. ಅಮ್ಮ ಮಗಳ ಪಕ್ಕ ಕೂತು, ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿದಳು.

"ಇಷ್ಟು ಹೆದರೋಳು ಬಂದಿದ್ದಾದರೂ ಯಾಕೆ?" ಅತ್ತೆ ಛೇಡಿಸಿದರು.

"ನೀವಿಬ್ಬರೇ ಮುಳುಗಿದ್ರೆ ನಾನು ಜನಕ್ಕೆ ಏನಂತ ಹೇಳಲಿ?"

ಹೀಗಾಗಿ ಮುಂದಿನ ದಾರಿ ಕಾಣುತ್ತಿದ್ದುದು ಗುಬ್ಬಚ್ಚಿಯೊಬ್ಬಳಿಗೆ. ಅವಳು ಮೆಲ್ಲಗೆ "ಎಡಕ್ಕೆ" ಅಂದಳು. ಅತ್ತೆ ತಮ್ಮ ಎಡಕ್ಕೆ ತಿರುಗಿಸಿದರು. ದೋಣಿ ನೆಟ್ಟಗೆ ಜೊಂಡಿನೊಳಗೆ ನುಗ್ಗಿ ನಿಂತಿತು.

"ನಿನ್ನೆಡವೋ ನನ್ನೆಡವೋ ತಾಯಿ? ಸ್ವಲ್ಪ ಜೋರಾಗಿ ಹೇಳು, ಈ ಕಪ್ಪೆಗಳೇ ನಿನಗಿಂತ ವಾಸಿ."

ಅವಳು ಯೋಚಿಸಿದಳು. ಎದುರು ಕೂತವರಿಗೆ ದಿಕ್ಕು ಹೇಳಿ ಪ್ರಯೋಜನವಿಲ್ಲ, ಕೈ ಹೇಳಬೇಕು. ಅತ್ತೆಯ ಒಂದು ಕೈಗೆ ವಾಚಿತ್ತು, ಇನ್ನೊಂದು ಬರಿದಾಗಿತ್ತು. "ಅತ್ತೆ, ವಾಚಿನ ಕೈ ಜೋರಾಗಿ ಎಳೀರಿ." ದೋಣಿ ಜೊಂಡಿನಿಂದ ಬಿಡಿಸಿಕೊಂಡಿತು. "ಈಗ ಬರಿಗೈ. ಈಗ ಎರಡೂ." ದೋಣಿ ಹೇಳಿದ ಮಾತು ಕೇಳತೊಡಗಿತು. ಎದುರಿನಿಂದ ಪೆಡಲ್ ದೋಣಿಯೊಂದು ಅಡ್ಡ ಬಂದಾಗ ಅವಳು "ವಾಚಿನ ಕೈ, ಬೇಗ" ಎಂದು ಕೂಗಿದ್ದು ಎಷ್ಟು ದೊಡ್ಡದಾಗಿತ್ತೆಂದರೆ, ಕೂಗಿದವರಾರೆಂದು ನೋಡಲು ಅಮ್ಮ ಒಂದು ಕಣ್ಣು ತೆರೆದು ಮುಚ್ಚಿಕೊಂಡಳು.

ಮಂಜು ಕರಗಿಹೋಗಿತ್ತು. ಬೆಟ್ಟ ನೀರಿನಲ್ಲಿ ತಲೆಕೆಳಗಾಗಿ ನಿಂತಿತ್ತು. ಬಿಸಿಲು ಬೆನ್ನಿಗೆ ಹಿತವಾಗಿ ತಾಗುತ್ತಿತ್ತು. ಹೀಗೇ ಎಷ್ಟು ಹೊತ್ತಾದರೂ ಇರಬಹುದು ಅನ್ನಿಸಿತು ಗುಬ್ಬಚ್ಚಿಗೆ. ಆದರೆ ಸರೋವರದ ನಡುವಿನ ಬಂಡೆ ದಾಟುತ್ತಲೇ ಆಚೆ ದಡ ಸ್ಪಷ್ಟವಾಯಿತು: ಹಸಿರು ಬೆಂಚುಗಳು, ಕಿವಿಗೆ ಫೋನು ಹಚ್ಚಿ ಅಡ್ಡಾಡುವ ಜನ.

"ವಾಚಿನ ಕೈ ಜೋರು" ಅಂದಳು. ಸ್ವಲ್ಪ ಹೊತ್ತಿಗೆ ಮತ್ತೆ, "ವಾಚಿನ ಕೈ." ಆಮೇಲೆ ಇನ್ನೊಮ್ಮೆ.

"ಇನ್ನೂ ಬರಲಿಲ್ವಾ? ಕೆರೆ ಇಷ್ಟು ದೊಡ್ಡದಿತ್ತಾ?" ಕಣ್ಣು ಮುಚ್ಚಿಕೊಂಡೇ ಅಮ್ಮ ಕೇಳಿದಳು.

ಅತ್ತೆ ಉಸಿರುಬಿಡುತ್ತ ಹುಟ್ಟು ಹಾಕುತ್ತಿದ್ದರು. ಅವರಿಗೆ ಮುಂದಿನದು ಕಾಣದಿದ್ದರೂ ಹಿಂದಿನದೆಲ್ಲ ಕಾಣುತ್ತಿತ್ತು. "ಈ ಬಂಡೆ, ಅದರ ಮೇಲೆ ರೆಕ್ಕೆ ಒಣಗಿಸ್ತಿರೋ ಆ ಕರಿ ಹಕ್ಕಿ... ಇದನ್ನ ಆಗಲೇ ನೋಡಿದ್ವಲ್ಲ?" ಹುಟ್ಟು ನಿಲ್ಲಿಸಿದರು. ಹನಿಗಳು ನೀರಿಗೆ ತೊಟ್ಟಿಕ್ಕಿದವು. "ಏನೇ ಗುಬ್ಬಚ್ಚಿ, ಗಾಣದೆತ್ತಿನ ಹಾಗೆ ನನ್ನನ್ನ ಬಂಡೆ ಸುತ್ತಿಸ್ತಿದ್ದೀಯಾ?"

ಅಮ್ಮ ಎರಡೂ ಕಣ್ಣು ಬಿಟ್ಟಳು. ಎದ್ದುಹೋಗುವುದಕ್ಕೆ ಇಲ್ಲಿ ಬಾಗಿಲಿರಲಿಲ್ಲ, ಸುತ್ತಲೂ ನೀರು. ಇಬ್ಬರೂ ತನ್ನನ್ನೇ ನೋಡುತ್ತಿದ್ದರು. ಗುಬ್ಬಚ್ಚಿಗೆ ಕೆನ್ನೆ ಬಿಸಿಯಾಯಿತು. ಆದರೂ ದನಿ ಮಾತ್ರ ದಾರಿ ಹೇಳುವಾಗ ಇದ್ದಷ್ಟೇ ದೊಡ್ಡದಾಗಿ ಬಂತು.

"ಹೌದತ್ತೆ, ಬೇಕಂತಲೇ ಸುತ್ತಿಸಿದೆ. ನೀವು ದಡ ಸೇರಿದ್ರೆ ಆ ಹುಡುಗಿಗೆ ಹೂಂ ಅಂದುಬಿಡ್ತೀರಿ. ಆ ಕೆಲಸ ನನಗೆ ಬೇಕು."