ಏನು ಕೆಟ್ಟು ಕೂತಿದೆ ಎಂದು ಕೇಳುವ ಎಕುವಾ

ಎದುರಾದವರನ್ನು ಎಕುವಾ ಎಸ್ಸಿಲ್ಫಿಯವರು ‘ಚೆನ್ನಾಗಿದ್ದೀರಾ’ ಎಂದು ಕೇಳಿದ್ದನ್ನು ಈ ಆರು ವರ್ಷಗಳಲ್ಲಿ ನಾನು ಒಮ್ಮೆಯೂ ಕಂಡವನಲ್ಲ. “ನಿಮ್ಮನೇಲಿ ಏನು ಕೆಟ್ಟು ಕೂತಿದೆ?” ಎಂಬುದೇ ಅವರ ಕುಶಲಪ್ರಶ್ನೆ. ಯಾವಾಗಿನಿಂದ ಕೆಟ್ಟಿದೆ, ರಿಪೇರಿಯವನು ಯಾವ ಊರಿಂದ ಬರಬೇಕು ಎಂದೆಲ್ಲ ಸಾವಧಾನವಾಗಿ ವಿಚಾರಿಸಿ, ಕೊನೆಗೆ “ಬರ್ಕೊಂಡೆ” ಎನ್ನುತ್ತಾರೆ. ಯಾರಾದರೂ ರೇಗಿ ಬೈದರೂ ಅದೇ ಉತ್ತರ.

ಜಿಲ್ಲಾ ಕಚೇರಿಯಲ್ಲಿ ಅವರು ಕೌಶಲ ಯೋಜನೆಯ ಅಧಿಕಾರಿಣಿ, ನಾನು ಗುಮಾಸ್ತ. ಎದುರುಗಾಳಿಯಲ್ಲಿ ನಡೆಯುವವರಂತೆ ಮುಂದಕ್ಕೆ ಬಾಗಿದ ನಡಿಗೆ. ಎಂಥ ಸುಡುಬಿಸಿಲಲ್ಲೂ ಕಳಚದ, ದಿವಂಗತ ಪತಿಯ ಬೂದು ಕೋಟು. ಅದರ ಜೇಬುಗಳ ತುಂಬ ಜನರು ಕೊಟ್ಟ ಸವೆದ ವಾಷರುಗಳು, ಸುಟ್ಟ ಫ್ಯೂಸುಗಳು. ಊರಿಗೆ ಎಂಥ ಕೆಲಸಗಾರರು ಬೇಕೆಂದು ತಿಳಿಯಲು ಬೇರೆಯವರು ಸಭೆ ಕರೆಯುತ್ತಾರೆ. ಇವರು ಮನೆಮನೆಗೂ ಅಲೆದು, ಕೆಟ್ಟ ವಸ್ತು ರಿಪೇರಿಗಾಗಿ ಎಷ್ಟು ದಿನ ಕಾಯುತ್ತದೆಂದು ಒಂದು ಪುಸ್ತಕದಲ್ಲಿ ಬರೆದಿಟ್ಟರು. ನಮ್ಮಲ್ಲಿ ನೂರಾ ಹದಿಮೂರು ದರ್ಜಿ ಹೆಂಗಸರು. ಹರಿದ ಅಂಗಿ ಒಂದು ತಾಸೂ ಕಾಯಬೇಕಿಲ್ಲ. ಮೀನುಪೇಟೆಯ ಮಂಜುಗಡ್ಡೆ ಯಂತ್ರ ಮಾತ್ರ, ಊರಿನ ಏಕೈಕ ಫಿಟ್ಟರ್ ಯಾಂಕ್ಸನ್ ಅಜ್ಜನ ಕೈ ನಡುಗತೊಡಗಿದ ಮೇಲೆ, ದೂರದ ತಕೊರಾಡಿ ಬಂದರಿನಿಂದ ಬರಬೇಕಾದ ರಿಪೇರಿಯವರಿಗಾಗಿ ಹತ್ತೊಂಬತ್ತು ದಿನ ಕಾದಿತ್ತು. ಅಷ್ಟರಲ್ಲಿ ಮೀನನ್ನು ಬೆಕ್ಕೂ ಮೂಸುತ್ತಿರಲಿಲ್ಲ.

ಹಾಗಾಗಿ ಯೋಜನೆಯ ಮೊದಲ ಸಾಲು: ಯಾಂಕ್ಸನ್ ಅಜ್ಜನ ಕೈಕೆಳಗೆ ಎಂಟು ಮಂದಿ ಕಲಿಯುವುದು. ತಿಂಗಳೊಳಗೆ ಅಜ್ಜ ಒಪ್ಪದಿದ್ದರೆ ಅದಕ್ಕೆಂದು ಗೊತ್ತುಮಾಡಿದ ಕಟ್ಟಡದಲ್ಲಿ ಇನ್ನೊಂದು ಹೊಲಿಗೆ ಶಾಲೆ ತೆರೆಯುವುದೆಂದು ಮೇಲಿನವರು ಹೇಳಿಬಿಟ್ಟರು. ನಾಲ್ಕು ಸಲ ಹೋದೆವು. ಅಜ್ಜ ಮೆಕ್ಕೆಜೋಳದ ಕೆಂಕೆ ಕಡುಬು, ಹುರಿದ ಮೀನು ಕೊಟ್ಟು ಉಪಚರಿಸಿದ, ಒಪ್ಪಲಿಲ್ಲ. “ನನ್ನನ್ನ ಮಾಸ್ಟ್ರು ಅಂತ ಕರೀಬೇಡಮ್ಮ” ಎಂದು ಪ್ರತಿಸಲವೂ ಸಿಡುಕಿದ. ಇದು ಜಂಬವೆಂದೇ ನಾನು ತಿಳಿದಿದ್ದೆ.

ಐದನೆಯ ಸಲ ಎಕುವಾ ಯೋಜನೆಯ ಮಾತೇ ಎತ್ತಲಿಲ್ಲ. “ಅಣ್ಣ, ನಿಮ್ಮಲ್ಲಿ ಏನು ಕೆಟ್ಟು ಕೂತಿದೆ?” ಎಂದರು.

ಅಜ್ಜ ಮೀನಿನ ತಟ್ಟೆಯನ್ನು ಕೆಳಗಿಟ್ಟು ಪಕ್ಕದಲ್ಲಿ ಕೂತ. “ನನಗೆ ಪೌಡರ್ ಬಿದ್ದಿಲ್ಲ ಕಣಮ್ಮ. ಹಡಗಿನ ಎಂಜಿನ್ ಕೋಣೇಲಿ ನೋಡಿ ನೋಡಿ ಕಲ್ತೋನು ನಾನು. ಬಿಡುಗಡೆ ಆಗದೋನು ಶಿಷ್ಯರನ್ನ ಹೆಂಗೆ ಇಟ್ಕೊಳ್ಳಲಿ?”

ನಮ್ಮಲ್ಲಿ ಕಲಿಕೆ ಮುಗಿಸಿದವನಿಗೆ ಬಿಳಿ ಉಡುಪು ತೊಡಿಸಿ, ಗುರುವೇ ತಲೆಯ ಮೇಲೆ ಪೌಡರ್ ಸುರಿದು ಬಿಡುಗಡೆ ಮಾಡಬೇಕು. ಆಮೇಲಷ್ಟೇ ಅವನು ಮಾಸ್ಟರ್.

“ಎಷ್ಟು ದಿನದಿಂದ ಅಣ್ಣ?”

“ನಲವತ್ತಾರು ವರ್ಷ.”

ಎಕುವಾ “ಬರ್ಕೊಂಡೆ” ಎನ್ನಲಿಲ್ಲ. ಅಜ್ಜನಿಗೆ ಪೌಡರ್ ಬೀಳಲೇಬೇಕೆಂದು ಹೇಳಿ ಎದ್ದರು.

ಆದರೆ ಗುರುವನ್ನು ಎಲ್ಲಿಂದ ತರುವುದು? ಅದನ್ನು ಬಗೆಹರಿಸಿದವರು ಮೀನುಪೇಟೆಯ ಯಜಮಾನಿ ಮಾಮೆ ಅಬೊಕೊಮಾ. “ಹಡಗಿಂದ ಇಳಿದ ಮೇಲೆ ಇವನು ಕೈ ಪಳಗಿಸ್ಕೊಂಡಿದ್ದು ಯಾರ ಯಂತ್ರ ಕೆಡಿಸಿ? ನಮ್ದು. ಬೈದು ಬೈದು ತಿದ್ದಿದ್ದು ಯಾರು? ನಾವು. ಮತ್ತೆ ಇವನ ಗುರು ಯಾರಂತೆ?”

ಶನಿವಾರ ಪೇಟೆಯಲ್ಲೇ ಸಮಾರಂಭ. ಬಿಳಿ ಅಂಗಿ ಹೊಲಿಯಲು ನಮ್ಮಲ್ಲಿ ಕೈಗಳಿಗೇನು ಕೊರತೆ! ಮೀನು ಸುಡುವ ಹೆಂಗಸರೆಲ್ಲ ಹಾಡುತ್ತ, ಹಳೆಯ ಬೈಗುಳಗಳನ್ನು ಇನ್ನೊಮ್ಮೆ ಬೈಯುತ್ತ ಪೌಡರ್ ಸುರಿದರು. ರೆಪ್ಪೆಯವರೆಗೂ ಬೆಳ್ಳಗಾದ ಅಜ್ಜ ಸೀನಿದ, ಅತ್ತ, ಕೊನೆಗೆ ಕುಣಿದೇಬಿಟ್ಟ. ನನಗಂತೂ ಅಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಸೋಮವಾರ ಎಂಟು ಮಂದಿ ಶಿಷ್ಯರು ಬಂದರು. ಅವರಲ್ಲಿ ಮೂವರು ದರ್ಜಿಗಳೇ.

ಆ ವಾರ ಪುಸ್ತಕವನ್ನು ನಕಲು ಮಾಡುವಾಗ ಮಂಜುಗಡ್ಡೆ ಯಂತ್ರದ ಕೆಳಗೆ ಒಂದು ಹೊಸ ಸಾಲು ಕಂಡೆ. ‘ಯಾಂಕ್ಸನ್. ಕಾದದ್ದು ನಲವತ್ತಾರು ವರ್ಷ. ರಿಪೇರಿಯವರು ಬಂದದ್ದು ಇದೇ ಊರಿಂದ.’ ಊರಿಗೆ ಏನು ಬೇಕೆಂದು ಕೂತಲ್ಲೇ ಹೇಳಬಲ್ಲ ಬುದ್ಧಿವಂತರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎಕುವಾರಂಥವರು ಆ ಬುದ್ಧಿವಂತರ ಸಾಲಿಗೆ ಸೇರಿದವರಲ್ಲ. ಅವರು ಐದನೆಯ ಸಲವೂ ಬಾಗಿಲು ತಟ್ಟಿ, ಕೇಳಿ, ಉತ್ತರ ಬರುವವರೆಗೆ ಕೂತಿರುತ್ತಾರೆ.