ಅತ್ತೆಯ ತೋಳು

"ನಮ್ಮ ಕಾಲದಲ್ಲಿ ಬಸುರಿಯರಿಗೆ ಸಕ್ಕರೆ ಕಾಯಿಲೆ ಅಂತ ಇರ್ಲೇ ಇಲ್ಲ," ಎಂದರು ಅತ್ತೆ, ತೋಳು ಚಾಚಿ ಮಲಗುತ್ತ. "ಇದೆಲ್ಲ ನಿಮ್ಮ ಯಂತ್ರಗಳು ಹುಟ್ಟಿಸಿದ್ದು."

ನನಗೆ ಏಳನೇ ತಿಂಗಳು. ಸಕ್ಕರೆ ಹೆಚ್ಚಿದೆ ಎಂದು ಗೊತ್ತಾದಂದಿನಿಂದ ಈ ಮಾತನ್ನು ಅವರು ಊಟದ ಜೊತೆ ತಪ್ಪದೆ ಬಡಿಸುತ್ತಿದ್ದರು. ನನ್ನ ಕೆಲಸ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ. ರಕ್ತನಾಳ ಎಷ್ಟು ಹಿಗ್ಗಬಲ್ಲದು ಎಂದು ಅಳೆಯುವ ಹೊಸ ಪರೀಕ್ಷೆಗೆ ಕೈ ಪಳಗಿಸಿಕೊಳ್ಳಲು ಯಾರದಾದರೂ ತೋಳು ಬೇಕಿತ್ತು. ಅತ್ತೆ ತಾವಾಗಿಯೇ ಬಂದರು. ಗಟ್ಟಿಮುಟ್ಟಾದವರ ನಾಳ ಹೇಗಿರುತ್ತದೆಂದು ಸೊಸೆಗೆ ತೋರಿಸುವ ಹುಮ್ಮಸ್ಸು. ಪಾದ ಜುಮ್ಮೆನ್ನುತ್ತದೆ ಎಂದು ವರ್ಷದಿಂದ ದೂರುತ್ತಿದ್ದರೂ ರಕ್ತ ಪರೀಕ್ಷೆಗೆ ಮಾತ್ರ ಒಪ್ಪಿರಲಿಲ್ಲ. ಅವರ ಪ್ರಕಾರ ತಪ್ಪೆಲ್ಲ ಚಪ್ಪಲಿಯದು. ಸಕ್ಕರೆ ಹೆಚ್ಚಿದರೂ ಪಾದ ಜುಮ್ಮೆನ್ನುವುದುಂಟು; ನನಗೋ ಆ ಪಾದಗಳದ್ದೇ ಚಿಂತೆ.

ಮೊಣಕೈ ಕೆಳಗೆ ಪಟ್ಟಿ ಸುತ್ತಿ ಗಾಳಿ ತುಂಬಿ, ಮೇಲ್ತೋಳಿಗೆ ಸ್ಕ್ಯಾನರ್ ಹಿಡಿದೆ. ಐದು ನಿಮಿಷ ತಡೆದು ಬಿಟ್ಟಾಗ ರಕ್ತ ಒಮ್ಮೆಲೇ ನುಗ್ಗುತ್ತದೆ. ಆರೋಗ್ಯವಾದ ನಾಳ ತುಸು ಹಿಗ್ಗಿ ಅದಕ್ಕೆ ದಾರಿ ಮಾಡಿಕೊಡುತ್ತದೆ ಎಂದು ಅತ್ತೆಗೆ ಮೊದಲೇ ಹೇಳಿದ್ದೆ.

"ಕೈ ಜೋಮು ಹಿಡೀತು. ಸೇಡು ತೀರಿಸ್ಕೊಳ್ತಾ ಇದ್ದೀಯಾ?"

"ಇನ್ನೊಂದೇ ನಿಮಿಷ ಅತ್ತೆ. ಮಾತಾಡಿದ್ರೆ ಚಿತ್ರ ಅಲುಗಾಡುತ್ತೆ."

ಪಟ್ಟಿ ಸಡಿಲಿಸಿದೆ. ಪರದೆಯ ಮೇಲೆ ನಾಳದ ಗೋಡೆಗಳ ಎರಡು ಬಿಳಿ ಗೆರೆ, ನಡುವೆ ರಕ್ತ ಹರಿಯುವ ಕಪ್ಪು ಓಣಿ. ಅಗಲವಾಗಬೇಕಿದ್ದ ಓಣಿ ಹೆಚ್ಚುಕಡಿಮೆ ಇದ್ದಂತೆಯೇ ಇತ್ತು.

"ಏನೇ ಇದು, ಬಾಯೇ ಬಿಡ್ತಿಲ್ವಲ್ಲ!"

"ನಿಮ್ಮ ಮೈಯಲ್ಲಿ ಬಾಯಿ ಬಿಡದೇ ಇರೋದು ಇದೊಂದೇ ಇರ್ಬೇಕು."

ನಕ್ಕರು. ಆದರೆ ಕಣ್ಣು ಪರದೆಯಲ್ಲೇ ನೆಟ್ಟಿತ್ತು. ವಯಸ್ಸಾದಂತೆ ನಾಳ ಹಿಗ್ಗುವುದು ಕಡಿಮೆಯಾಗುತ್ತದೆ, ಪಳಗದ ನನ್ನ ಕೈಯೂ ತಪ್ಪಿರಬಹುದು, ಒಂದು ಅಳತೆಯಿಂದ ಏನನ್ನೂ ಹೇಳಲಾಗದು ಎಂದೆ.

"ಸಕ್ಕರೆ ಜಾಸ್ತಿ ಇದ್ರೂ ಹೀಗಾಗುತ್ತಾ?" ಅವರೇ ಕೇಳಿದರು.

"ಆಗಬಹುದು. ಬಸುರಿನಲ್ಲಿ ಬಂದ ಸಕ್ಕರೆ ಹೆರಿಗೆ ಆದ್ಮೇಲೆ ಹೋದ್ರೂ, ಎಷ್ಟೋ ವರ್ಷದ ಮೇಲೆ ವಾಪಸ್ ಬರಬಹುದು. ಅತ್ತೆ, ಡುಮ್ಮ ಹುಟ್ಟಿದಾಗ ಎಷ್ಟು ತೂಕ ಇದ್ರು?"

ಡುಮ್ಮ ಎಂದರೆ ನನ್ನ ಗಂಡ. ಆ ತೂಕ ಮನೆಯ ಹೆಮ್ಮೆ, ನೆಂಟರಿಗೆಲ್ಲ ಬಾಯಿಪಾಠ. ನನಗೂ ಗೊತ್ತಿತ್ತು, ಆದರೂ ಅದು ಅವರ ಬಾಯಿಂದಲೇ ಬರಲಿ ಎಂದು ಕೇಳಿದೆ.

"ಐದು ಕೆಜಿಗೆ ಒಂಚೂರು ಕಮ್ಮಿ! ಆಸ್ಪತ್ರೆಯವರೆಲ್ಲ ನೋಡೋಕೆ ಬಂದು..." ಎಂದಿನ ರಾಗದಲ್ಲಿ ಶುರು ಮಾಡಿದವರು ನಡುವೆಯೇ ನಿಲ್ಲಿಸಿದರು. "ಯಾಕೆ ಕೇಳ್ದೆ?"

"ತಾಯಿಗೆ ಸಕ್ಕರೆ ಇದ್ರೆ ಮಗು ಅಷ್ಟು ದಪ್ಪ ಆಗೋದುಂಟು. ಆಗ ನಿಮ್ಮ ಸಕ್ಕರೆ ಯಾರಾದ್ರೂ ನೋಡಿದ್ರಾ?"



"ಇಲ್ಲ. ಎಲ್ರೂ ಮಗೂನೇ ನೋಡಿದ್ರು."

ಎದ್ದು ಕೂತು, ಕಾಲಲ್ಲೇ ತಡವಿ ಚಪ್ಪಲಿ ಮೆಟ್ಟಿದರು. ಒಂದು ಗಳಿಗೆ ಪಾದವನ್ನೇ ನೋಡಿ, ತೋಳನ್ನು ನನ್ನತ್ತ ಚಾಚಿದರು.

"ರಕ್ತ ತೆಗೆಯೋರ ಹತ್ರ ನಡಿ. ಜೋಮು ಬಿಡೋದ್ರೊಳಗೆ ಚುಚ್ಚಿಸ್ಬಿಡು, ನೋವು ಗೊತ್ತಾಗಲ್ಲ."